ಕ್ರಿಸ್ಮಸ್ ಗಡಿಬಿಡಿಯಲ್ಲಿ ಪ್ರಾರ್ಥನೆ ತಪ್ಪದಿರಲು ಏನು, ಯಾವಾಗ, ಹೇಗೆ: ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಇದೇ ಕತೆ. ಡಿಸೆಂಬರ್ 1ಕ್ಕೆ ಮನೆಮಂದಿಯೆಲ್ಲ ಸೇರಿ ಪ್ರಾರ್ಥನೆ ಶುರು ಮಾಡುತ್ತಾರೆ. 5ನೇ ತಾರೀಖಿಗೆ ಮಗ ತಪ್ಪಿಸುತ್ತಾನೆ. 10ಕ್ಕೆ ಅಮ್ಮ ಒಬ್ಬರೇ ಕೂತಿರುತ್ತಾರೆ. 15ಕ್ಕೆ ಅಮ್ಮನೂ ಕರ್ಜಿಕಾಯಿ ಹಿಟ್ಟು ನಾದುತ್ತಿರುತ್ತಾರೆ. 25ರ ರಾತ್ರಿ ಪಾತ್ರೆ ತೊಳೆದು ಕೂತಾಗ 'ಹಬ್ಬ ಚೆನ್ನಾಗಿ ಆಯ್ತು, ಆದ್ರೆ ಯೇಸು ಎಲ್ಲಿ ಬಂದ ಇದರಲ್ಲಿ?' ಅಂತ ಅನ್ನಿಸುತ್ತದೆ.

ಇದಕ್ಕೆ ಕಾರಣ ಭಕ್ತಿ ಕಡಿಮೆ ಆಗಿರುವುದು ಅಂತ ನನಗೆ ಅನ್ನಿಸುವುದಿಲ್ಲ. ಕೆಲಸದ ಸರದಿ ತಪ್ಪಾಗಿರುತ್ತದೆ ಅಷ್ಟೇ. ಮೊದಲು ಬಟ್ಟೆ, ತಿಂಡಿ, ಸ್ಟಾರು, ನೆಂಟರು ಎಲ್ಲವನ್ನೂ ಕ್ಯಾಲೆಂಡರಿಗೆ ಹಾಕಿ, ಉಳಿದ ಸಂದಿಯಲ್ಲಿ ಪ್ರಾರ್ಥನೆ ತುರುಕುತ್ತೇವೆ. ಸಂದಿ ಉಳಿಯುವುದೇ ಇಲ್ಲ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಸರದಿಯ ವಿಷಯ. ಹಾಸನ, ಆಲೂರು, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ನೀವು ಬಲಿಪೂಜೆಗೆ ಹೋಗುವ ಕಥೋಲಿಕರಾಗಲಿ, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆರಾಧನೆಗೆ ಹೋಗುವವರಾಗಲಿ, ಕ್ರಮ ಒಂದೇ. ಬೇರೆ ಆಗುವ ಕಡೆ ಹೇಳುತ್ತೇನೆ.

## ಮೊದಲು ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ದೊಡ್ಡ ಅಕ್ಷರದ ಒಂದು ಬೈಬಲ್. ಮೊಬೈಲಿನಲ್ಲಿರುವ ಬೈಬಲ್ ಆಗುವುದಿಲ್ಲ, ಕಾರಣ ನಿಮಗೇ ಗೊತ್ತು. ದಿನದ ಚೌಕ ದೊಡ್ಡದಾಗಿರುವ ಗೋಡೆ ಕ್ಯಾಲೆಂಡರ್, ಬರೆಯಲು ಜಾಗ ಬೇಕು. ನಾಲ್ಕು ಮೇಣದಬತ್ತಿ, ಒಂದು ಬಿಳಿ ದಪ್ಪ ಬತ್ತಿ. ಒಂದು ಇನ್ನೂರು ಪುಟದ ನೋಟ್‌ಬುಕ್. ನಾಲ್ಕು ಹಳೆಯ ಲಕೋಟೆ. ಬಿಸ್ಕತ್ತಿನ ಖಾಲಿ ಡಬ್ಬಿ ಒಂದು, ಮುಚ್ಚಳ ಇರುವಂಥದ್ದು. ಪ್ರಾರ್ಥನೆಯ ಹೊತ್ತಿಗೆ ಮನೆಯ ಫೋನುಗಳೆಲ್ಲ ಅದರೊಳಗೆ.

ಮೇಣದಬತ್ತಿಗಳ ಬಗ್ಗೆ ಒಂದು ಮಾತು. ಆಗಮನ ಕಾಲಕ್ಕೆ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲಕ್ಕೆ, ಮೂರು ನೇರಳೆ, ಒಂದು ಗುಲಾಬಿ ಬಣ್ಣದ್ದು ಇಡುವುದು ರೂಢಿ, ಗುಲಾಬಿ ಮೂರನೇ ಭಾನುವಾರಕ್ಕೆ. ಬಣ್ಣದ್ದು ಸಿಗದಿದ್ದರೆ ಊರೆಲ್ಲ ಹುಡುಕಬೇಡಿ, ಬಿಳಿ ಬತ್ತಿಗೆ ಬಣ್ಣದ ರಿಬ್ಬನ್ ಸುತ್ತಿ. ಭಾನುವಾರಕ್ಕೊಂದರಂತೆ ಬತ್ತಿ ಕೂಡಿಸಿ ಹಚ್ಚುತ್ತಾ ಹೋಗುವುದರಿಂದ ಮೊದಲ ಬತ್ತಿ ನಾಲ್ಕು ವಾರವೂ ಉರಿಯಬೇಕು. ದಿನಕ್ಕೆ ಹತ್ತು ನಿಮಿಷ ಅಂದರೂ ಒಟ್ಟು ನಾಲ್ಕು ತಾಸಿಗೂ ಜಾಸ್ತಿ ಆಗುತ್ತದೆ, ಹಾಗಾಗಿ ತೀರಾ ಸಣ್ಣ ಬತ್ತಿ ತರಬೇಡಿ. ಸುತ್ತ ಸರ್ವೆ ಸೊಪ್ಪು ಇಡುವವರು ವಾರಕ್ಕೊಮ್ಮೆ ಬದಲಿಸಿ, ಒಣಗಿದ ಸರ್ವೆಗೆ ಒಂದು ಕಿಡಿ ಬಿದ್ದರೆ ಸಾಕು.

## ಹಂತ 1: ನವೆಂಬರ್ ಕೊನೆ ವಾರ, ಕ್ಯಾಲೆಂಡರ್ ತುಂಬುವುದು

ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ. 2026ರಲ್ಲಿ ಅದು ನವೆಂಬರ್ 29. ಕೆಲವು ವರ್ಷ ನಾಲ್ಕನೇ ಭಾನುವಾರವೇ 24ನೇ ತಾರೀಖು ಬಂದುಬಿಡುತ್ತದೆ, 2023ರಲ್ಲಿ ಹಾಗೇ ಆಗಿತ್ತು. ಅಂಥ ವರ್ಷ ನಿಮಗೆ ಒಂದು ವಾರದಷ್ಟು ಹೊತ್ತು ಕಡಿಮೆ ಸಿಗುತ್ತದೆ. ಅದಕ್ಕೇ ಮೊದಲು ಕ್ಯಾಲೆಂಡರ್ ನೋಡಿ ಅನ್ನುವುದು.

ಈಗ ಕೆಂಪು ಪೆನ್ನು ತೆಗೆದುಕೊಂಡು ಈ ಸರದಿಯಲ್ಲೇ ಬರೆಯಿರಿ. ಮೊದಲು ನಾಲ್ಕು ಭಾನುವಾರಗಳ ಪೂಜೆ ಅಥವಾ ಆರಾಧನೆ. ಆಮೇಲೆ, ಕಥೋಲಿಕರಾದರೆ, ಪಾಪನಿವೇದನೆಗೆ (ಫಾದರ್ ಮುಂದೆ ಪಾಪ ಒಪ್ಪಿಕೊಳ್ಳುವುದಕ್ಕೆ) ಒಂದು ದಿನ. ಆಮೇಲೆ 24ರ ರಾತ್ರಿ, 25ರ ಬೆಳಿಗ್ಗೆ. ಆಮೇಲೆ 31ರ ರಾತ್ರಿಯ ಆರಾಧನೆ, ಜನವರಿ 6ರ ಮೂವರು ಜ್ಞಾನಿಗಳ ಹಬ್ಬ. ಪ್ರತಿ ದಿನದ ಚೌಕದಲ್ಲಿ ಪ್ರಾರ್ಥನೆಯ ಗಂಟೆ. ಇಷ್ಟಾದ ಮೇಲೆ ಪೆನ್ನು ಬದಲಿಸಿ. ನೀಲಿ ಪೆನ್ನಿನಲ್ಲಿ ತಿಂಡಿ, ಬಟ್ಟೆ, ಬಣ್ಣ ಬಳಿಯುವುದು, ನೆಂಟರು. ಕೆಂಪು ಇರುವ ಜಾಗದಲ್ಲಿ ನೀಲಿ ಬರುವ ಹಾಗಿಲ್ಲ.

ಪಾಪನಿವೇದನೆಯನ್ನು ಮೊದಲ ಎರಡು ವಾರದಲ್ಲೇ ಮುಗಿಸಿ. 23, 24ಕ್ಕೆ ಸಾಲು ಬಾಗಿಲು ದಾಟಿರುತ್ತದೆ. ಫಾದರ್‌ಗೂ ಸುಸ್ತು, ನಿಮಗೂ ಒಲೆಯ ಮೇಲಿನ ಎಣ್ಣೆಯ ಚಿಂತೆ. ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ (ಬಿಷಪ್‌ರ ಆಡಳಿತದ ಪ್ರದೇಶಕ್ಕೆ) ಹಾಸನ ಜಿಲ್ಲೆಯೂ ಸೇರಿದ್ದರೂ ಒಂದೊಂದು ಧರ್ಮಕೇಂದ್ರದ, ಅಂದರೆ ಊರಿನ ಚರ್ಚಿನ, ಸಮಯ ಒಂದೊಂದು ಥರ ಇರುತ್ತದೆ, ಅದರಲ್ಲೂ ಎಸ್ಟೇಟ್ ಕಡೆಯ ಸಣ್ಣ ಚಾಪೆಲ್‌ಗಳಲ್ಲಿ ಕ್ರಿಸ್ಮಸ್ ಪೂಜೆ ಯಾವ ಗಂಟೆಗೆ ಅನ್ನುವುದು ಕೊನೇ ವಾರದವರೆಗೂ ಬದಲಾಗಬಹುದು. ಕೇಳಿ ಬರೆದುಕೊಳ್ಳಿ, ಹೋದ ವರ್ಷದ್ದನ್ನು ನಂಬಬೇಡಿ.

ಚಿಕ್ಕಮಗಳೂರಿನವರು ಇನ್ನೊಂದು ನೋಡಿಕೊಳ್ಳಬೇಕು. ದತ್ತ ಜಯಂತಿ ಸಾಮಾನ್ಯವಾಗಿ ಡಿಸೆಂಬರ್‌ನಲ್ಲೇ ಬರುತ್ತದೆ. ಆ ದಿನಗಳಲ್ಲಿ ಪೇಟೆಯಲ್ಲೂ ಬಾಬಾಬುಡನ್‌ಗಿರಿಯ ಕಡೆಗೂ ಸಂಚಾರ ಬದಲಾಗುತ್ತದೆ, ಪೊಲೀಸ್ ಬಂದೋಬಸ್ತ್ ಇರುತ್ತದೆ. ಮನೆಮನೆಗೆ ಹೋಗಿ ಹಾಡುವ ಕ್ಯಾರಲ್ ಸುತ್ತಾಟ, ಪೇಟೆ ಕೆಲಸ ಆ ದಿನ ಇಟ್ಟುಕೊಳ್ಳಬೇಡಿ. ಮನೆಯಲ್ಲೇ ಪ್ರಾರ್ಥನೆ ಮಾಡಿ.

## ಹಂತ 2: ದಿನದ ಪ್ರಾರ್ಥನೆಗೆ ಗಂಟೆ ಗೊತ್ತು ಮಾಡುವುದು

ಇಲ್ಲಿ ಎಡವುವವರೇ ಜಾಸ್ತಿ. 'ಊಟ ಆದ ಮೇಲೆ ಮಾಡೋಣ' ಅಂತಾರೆ. ಊಟ ಆದ ಮೇಲೆ ಯಾರೂ ಎದ್ದಿರುವುದಿಲ್ಲ. ಅದರಲ್ಲೂ ನಮ್ಮ ಕಡೆ ಡಿಸೆಂಬರ್ ಅಂದರೆ ಅರೇಬಿಕಾ ಕಾಫಿ ಕೊಯ್ಲಿನ ಕಾಲ. ಬೆಳಿಗ್ಗೆಯಿಂದ ಗಿಡ ಬಗ್ಗಿಸಿ ಹಣ್ಣು ಕೊಯ್ದು, ಸಂಜೆ ಚೀಲ ತೂಕ ಹಾಕಿ ಬಂದವರಿಗೆ ಅನ್ನ ಹೊಟ್ಟೆಗೆ ಬಿದ್ದ ತಕ್ಷಣ ಕಣ್ಣು ಮುಚ್ಚುತ್ತದೆ. ಅದು ದೋಷವಲ್ಲ, ಮೈಯ ಧರ್ಮ.

ಊಟಕ್ಕೆ ಮುಂಚೆ ಇಡಿ. ತಟ್ಟೆ ಹಾಕಿಯಾದ ಮೇಲೆ, ಬಡಿಸುವ ಮೊದಲು. ಹಸಿವು ಇರುವುದರಿಂದ ಯಾರೂ ತಪ್ಪಿಸುವುದಿಲ್ಲ, ಯಾರೂ ಉದ್ದ ಎಳೆಯುವುದೂ ಇಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ರಾತ್ರಿ ಕೆಲಸ ಇರುವವರಿಗೆ, ಆಸ್ಪತ್ರೆಯಲ್ಲಿ ಪಾಳಿ ಇರುವವರಿಗೆ ಇದು ಆಗದಿದ್ದರೆ ಬೆಳಿಗ್ಗೆ ಕಾಫಿಗೆ ಮುಂಚೆ ಇಟ್ಟುಕೊಳ್ಳಿ. ಆದರೆ ದಿನಾ ಅದೇ ಗಂಟೆ ಇರಲಿ. ದಿನಕ್ಕೊಂದು ಹೊತ್ತು ಮಾಡುವ ಮನೆಯಲ್ಲಿ ವಾರದೊಳಗೆ ನಿಂತುಹೋಗುತ್ತದೆ.

ಹದಿನೈದು ನಿಮಿಷ ಸಾಕು. ಫೋನು ಡಬ್ಬಿಗೆ. ಬತ್ತಿ ಹಚ್ಚಿ. ಹಾಡಿನ ಒಂದೇ ಚರಣ. ಆ ದಿನದ ಬೈಬಲ್ ಅಧ್ಯಾಯ ಓದಿ, ಯಾವುದು ಅನ್ನುವುದು ಮುಂದಿನ ಹಂತದಲ್ಲಿದೆ. ಒಂದು ನಿಮಿಷ ಸುಮ್ನೆ ಕೂರಿ, ಪೂರ್ತಿ ಒಂದು ನಿಮಿಷ. ಮಕ್ಕಳು ಮೊದಲೆರಡು ದಿನ ನಗುತ್ತಾರೆ, ಆಮೇಲೆ ಅಭ್ಯಾಸ ಆಗುತ್ತದೆ. ಒಬ್ಬೊಬ್ಬರು ಒಂದು ವಾಕ್ಯದ ಬೇಡಿಕೆ. ಕೊನೆಗೆ 'ಪರಲೋಕದಲ್ಲಿರುವ ನಮ್ಮ ತಂದೆಯೇ'. ಜಪಸರ ಮಾಡುವ ಮನೆಯವರು ಅದನ್ನು ಶನಿವಾರಕ್ಕೆ ಇಟ್ಟುಕೊಳ್ಳಬಹುದು, ಅಥವಾ ದಿನಕ್ಕೆ ಒಂದು ದಶಕ, ಅಂದರೆ ಹತ್ತು ಮಣಿ. ಐದೂ ದಶಕ, ಅಧ್ಯಾಯ, ಹಾಡು, ಮೇಲೆ ಅಪ್ಪನ ಪ್ರಸಂಗ ಅಂತ ಒಂದು ಗಂಟೆ ಎಳೆದರೆ ಮೂರನೇ ದಿನಕ್ಕೆ ಮಕ್ಕಳಿಗೆ ಹೋಮ್‌ವರ್ಕ್ ನೆನಪಾಗುತ್ತದೆ.

ಓದುವವರು ಸರದಿಯಲ್ಲಿ ಬರಲಿ. ಕನ್ನಡ ತಡವರಿಸುವ ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಕೊಡಿ, ತಪ್ಪು ಓದಿದರೆ ನಡುವೆ ತಿದ್ದಬೇಡಿ.

## ಹಂತ 3: ಲೂಕನ ಪುಸ್ತಕ, ಮತ್ತು ಅದರ ಜೊತೆ ಮನೆಗೆಲಸ

ಯೇಸುವಿನ ಜೀವನ ಹೇಳುವ ಬೈಬಲ್ ಪುಸ್ತಕಗಳಲ್ಲಿ ಒಂದಾದ ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯ ಇವೆ. ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು. ಇದು ತುಂಬ ಜನರಿಗೆ ಗೊತ್ತಿರುವ ಕ್ರಮ, ಆದರೂ ಅರ್ಧಕ್ಕೆ ಬಿಡುತ್ತಾರೆ. ಎರಡು ಕಾರಣ.

ಒಂದು, ಮೊದಲ ದಿನವೇ ಸುಸ್ತಾಗುತ್ತದೆ. ಒಂದನೇ ಅಧ್ಯಾಯದಲ್ಲಿ 80 ವಚನ. ಜಕರೀಯ, ಎಲಿಸಬೇತಳು, ಮರಿಯಳು, ಎರಡು ಸ್ತುತಿಗೀತೆ ಎಲ್ಲ ಅದರಲ್ಲೇ. ಅದನ್ನು ಎರಡು ಮಾಡಿ. ನವೆಂಬರ್ 30ಕ್ಕೆ 38ನೇ ವಚನದವರೆಗೆ, ಡಿಸೆಂಬರ್ 1ಕ್ಕೆ ಉಳಿದದ್ದು. 9 ಮತ್ತು 22ನೇ ಅಧ್ಯಾಯಗಳೂ ಉದ್ದ, ಆ ದಿನ ಇಬ್ಬರು ಹಂಚಿಕೊಂಡು ಓದಿ. ಮೂರನೇ ಅಧ್ಯಾಯದ ಕೊನೆಯ ವಂಶಾವಳಿಯನ್ನು ಮಕ್ಕಳ ಜೊತೆ ಓದುವಾಗ ಬಿಟ್ಟರೆ ಆಕಾಶ ಬೀಳುವುದಿಲ್ಲ.

ಎರಡನೇ ಕಾರಣ ದೊಡ್ಡದು. ಓದುವುದು ಬೇರೆ, ಹಬ್ಬದ ಕೆಲಸ ಬೇರೆ ಆಗಿಬಿಡುತ್ತದೆ. ಓದು ಅನ್ನುವುದು ಕೆಲಸಗಳ ಮಧ್ಯೆ ಇನ್ನೊಂದು ಕೆಲಸ. ಇದನ್ನು ಸರಿ ಮಾಡಲು ಒಂದು ದಾರಿ ಇದೆ. ಆಯಾ ದಿನದ ಅಧ್ಯಾಯ ಏನು ಹೇಳುತ್ತದೋ, ಅದಕ್ಕೆ ಹೊಂದುವ ಹಬ್ಬದ ಕೆಲಸವನ್ನು ಅದೇ ದಿನಕ್ಕೆ ಇಟ್ಟುಕೊಳ್ಳಿ. ಆಶ್ಚರ್ಯ ಅಂದರೆ ತಾರೀಖುಗಳು ಚೆನ್ನಾಗಿ ಕೂಡಿಬರುತ್ತವೆ.

3ನೇ ತಾರೀಖು ಸ್ನಾನಿಕ ಯೋವಾನ್ನ ಬರುತ್ತಾನೆ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದು ಕೊಡಲಿ ಅನ್ನುತ್ತಾನೆ. ಅವತ್ತೇ ಬೀರು ತೆಗೆಯಿರಿ. ಹೊಸ ಬಟ್ಟೆ ತರುವುದಕ್ಕೆ ಮುಂಚೆ ಹಳೆಯದರಲ್ಲಿ ಚೆನ್ನಾಗಿರುವುದನ್ನು ಆರಿಸಿ. ಸ್ವೆಟರ್, ಕಂಬಳಿ ಮುಖ್ಯ, ಯಾಕಂದರೆ ಕೊಯ್ಲಿಗೆ ಹೊರಗಿನಿಂದ ಬಂದು ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಇರುವವರಿಗೆ ಮಲೆನಾಡಿನ ಚಳಿ ಹೊಸದು. ಒಗೆದು, ಗುಂಡಿ ಹಾಕಿ, ಮಡಚಿ ಕೊಡಿ. ಹರಿದದ್ದು ಕೊಡಬೇಡಿ. ಇಪ್ಪತ್ತೈದಕ್ಕೆ ಕೊಡೋಣ ಅಂತ ಇಟ್ಟುಕೊಳ್ಳಲೂಬೇಡಿ, ಚಳಿ ಈಗಲೇ ಇದೆ.

6ನೇ ತಾರೀಖು ಸಂತ ನಿಕೋಲಾಸರ ಹಬ್ಬ. ಮೈರಾ ಊರಿನ ಬಿಷಪ್, ಈಗಿನ ಟರ್ಕಿಯಲ್ಲಿದೆ ಆ ಊರು. ಸಾಂಟಾ ಕ್ಲಾಸ್ ಹುಟ್ಟಿದ್ದು ಇವರಿಂದಲೇ. ಅವತ್ತಿನ ಓದಿನಲ್ಲಿ ಯೇಸು ಬಡವರು ಧನ್ಯರು ಅನ್ನುತ್ತಾರೆ. ಮಕ್ಕಳಿಗೆ ನಿಕೋಲಾಸರ ಕತೆ ಹೇಳಿ, ಚಾಕೊಲೇಟ್ ಏನಾದರೂ ಕೊಡುವುದಿದ್ದರೆ ಅವತ್ತೇ ಕೊಟ್ಟುಬಿಡಿ. ಸಾಂಟಾ 6ಕ್ಕೆ ಬಂದು ಹೋದರೆ 25ಕ್ಕೆ ಯೇಸುವಿಗೆ ಜಾಗ ಸಿಗುತ್ತದೆ. ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಒಪ್ಪುತ್ತಾರೆ, ಚಾಕೊಲೇಟ್ ಬೇಗ ಸಿಕ್ಕಿತಲ್ಲ.

10ಕ್ಕೆ ಮಾರ್ತ, ಮರಿಯ. ಒಬ್ಬಳು ಅಡುಗೆಮನೆಯಲ್ಲಿ ಒದ್ದಾಡುತ್ತಾಳೆ, ಇನ್ನೊಬ್ಬಳು ಯೇಸುವಿನ ಕಾಲ ಬಳಿ ಕೂತಿದ್ದಾಳೆ. ಇದನ್ನು ಓದಿ ಗಂಡಸರು 'ನೋಡಿದ್ಯಾ, ಮಾರ್ತ ಆಗ್ಬೇಡ' ಅಂತ ಹೆಂಡತಿಗೆ ಹೇಳುವುದು ನಡೆಯುತ್ತದೆ. ಆಮೇಲೆ ತಾವೇ ತಿಂಡಿ ಕೇಳುತ್ತಾರೆ. ಅವತ್ತು ಮಾಡಬೇಕಾದ್ದು ಬೇರೆ. ತಿಂಡಿ ಪಟ್ಟಿ ತೆಗೆದು ಅರ್ಧ ಹೊಡೆದುಹಾಕಿ, ಉಳಿದದ್ದರ ಪಕ್ಕ ಮಾಡುವವರ ಹೆಸರು ಬರೆಯಿರಿ. ಗಂಡಸರ ಹೆಸರೂ ಬರಬೇಕು.

12ಕ್ಕೆ ಕಣಜ ದೊಡ್ಡದು ಮಾಡಲು ಹೊರಟ ಶ್ರೀಮಂತನ ಕತೆ. ಅವತ್ತು ಖರ್ಚಿನ ಲೆಕ್ಕ. ಇದಕ್ಕೇ ಲಕೋಟೆಗಳು: ಊಟ ತಿಂಡಿ, ಬಟ್ಟೆ, ದಾನ, ಜನವರಿ. ಜನವರಿಯ ಲಕೋಟೆಯನ್ನು ಮೊದಲು ತುಂಬಿ, ಸ್ಕೂಲ್ ಫೀಸು ಬಾಡಿಗೆ ಹಬ್ಬ ನೋಡಿ ನಿಲ್ಲುವುದಿಲ್ಲ. ಎರಡನೆಯದು ದಾನದ್ದು. ಉಳಿದದ್ದರಲ್ಲಿ ಹಬ್ಬ. ಕ್ರಿಸ್ಮಸ್ ಚೀಟಿ ಹಾಕಿದವರಿಗೆ ಇದು ಸುಲಭ. ಹಬ್ಬಕ್ಕೆ ಅಂತ ಸಂಘದಲ್ಲಿ ಸಾಲ ಎತ್ತುವ ಮಾತು ಮನೆಯಲ್ಲಿ ಬಂದರೆ ಅದನ್ನೇ ಅಪಾಯದ ಗಂಟೆ ಅಂದುಕೊಳ್ಳಿ. ಸಾಲದ ಕಂತು ಕಟ್ಟುವ ತಲೆಬಿಸಿಯಲ್ಲಿ ಯಾರಿಗೂ ಪ್ರಾರ್ಥನೆ ಹತ್ತುವುದಿಲ್ಲ.

14ಕ್ಕೆ ಊಟಕ್ಕೆ ಯಾರನ್ನು ಕರೆಯಬೇಕು ಅಂತ ಯೇಸು ಹೇಳುವ ಮಾತು: ತಿರುಗಿ ಕರೆಯಲು ಆಗದವರನ್ನು ಕರೆಯಿರಿ. ಕರೆಯೋಲೆ ಪಟ್ಟಿ ಅವತ್ತೇ ಬರೆಯಿರಿ, ಅಂಥ ಒಂದು ಹೆಸರಾದರೂ ಇರಲಿ. ಒಂಟಿಯಾಗಿರುವ ವಯಸ್ಸಾದವರು, ಊರಿಗೆ ಹೋಗಲಾಗದ ಹಾಸ್ಟೆಲ್ ಹುಡುಗ, ಆ ವರ್ಷ ಸಾವಾದ ಮನೆಯವರು. ಸಾವಾದ ಮನೆಯಲ್ಲಿ ಹಬ್ಬ ಮಾಡುವುದಿಲ್ಲ ಅಂತ ನಾವು ಅವರನ್ನು ಬಿಟ್ಟೇಬಿಡುತ್ತೇವೆ. ಅವರು ಬರದೇ ಇರಬಹುದು. ನೀವು ಊಟ ತೆಗೆದುಕೊಂಡು ಹೋಗಬಹುದು.

15ರದ್ದು ಕಷ್ಟದ ದಿನ. ತಪ್ಪಿಹೋದ ಮಗನ ಕತೆ ಎಲ್ಲರಿಗೂ ಬಾಯಿಪಾಠ, ಆದರೆ ಹಬ್ಬದ ಮನೆಯ ಹೊರಗೆ ಸಿಟ್ಟಾಗಿ ನಿಂತ ಹಿರಿಯ ಮಗನ ಭಾಗವನ್ನು ಬೇಗ ಬೇಗ ಓದಿಬಿಡುತ್ತೇವೆ. ತೋಟದ ಪಾಲಿನ ಜಗಳ, ಮನೆ ಬರೆಸಿಕೊಂಡ ಜಗಳ ಇಲ್ಲದ ಮನೆ ನಮ್ಮ ಕಡೆ ಎಷ್ಟಿವೆ ಹೇಳಿ? ಮಾತು ಬಿಟ್ಟ ಒಬ್ಬರಿಗೆ ಅವತ್ತು ಫೋನ್ ಮಾಡಿ. ಪಾಲಿನ ವಿಷಯ ಎತ್ತಬೇಡಿ. 'ಅಣ್ಣ, ಹಬ್ಬಕ್ಕೆ ಬನ್ನಿ' ಅಷ್ಟೇ. ಅವರು ಕಟ್ ಮಾಡಿದರೆ ಕಟ್ ಮಾಡಲಿ, ಮರುದಿನ ಮತ್ತೆ ಮಾಡಬೇಡಿ. 24ರೊಳಗೆ ಒಂದು ಸಲ ಕೈಯಾರೆ ತಿಂಡಿ ಕಳಿಸಿ. ಹೊಡೆದಾಟ, ಹಿಂಸೆ ಆದ ಸಂಬಂಧಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಗುರುಗಳನ್ನೋ ನಂಬಿಕಸ್ಥ ಹಿರಿಯರನ್ನೋ ಕೇಳದೆ ಹೆಜ್ಜೆ ಇಡಬೇಡಿ.

19ಕ್ಕೆ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದನ್ನು ತಿರುಗಿ ಕೊಡುತ್ತೇನೆ ಅಂದ ಸುಂಕದವನು. ಬಾಕಿ ತೀರಿಸುವ ದಿನ. ಕೂಲಿ ಬಾಕಿ, ಅಂಗಡಿ ಸಾಲ, ಹಾಲಿನ ಲೆಕ್ಕ. ತೋಟ ಇರುವ ಕ್ರೈಸ್ತರಿಗೆ ಒಂದು ನೇರ ಮಾತು: 25ಕ್ಕೆ ಆಳುಗಳಿಗೆ ಸಂಬಳ ಸಮೇತ ರಜೆ ಕೊಡುತ್ತೀರಾ ಇಲ್ಲವಾ ಅನ್ನುವುದನ್ನು ಅವತ್ತೇ ಹೇಳಿಬಿಡಿ. ಹಣ್ಣು ಗಿಡದಲ್ಲಿ ಒಂದು ದಿನ ಕಾಯುತ್ತದೆ.

21ಕ್ಕೆ ಬಡ ವಿಧವೆಯ ಎರಡು ಕಾಸು. ದಾನದ ಲಕೋಟೆ ಅವತ್ತು ಮನೆಯಿಂದ ಹೊರಗೆ ಹೋಗಬೇಕು.

22, 23, 24 ಬಂದಾಗ ಮನೆಯಲ್ಲಿ ಒಂದು ಗೊಣಗಾಟ ಏಳುತ್ತದೆ. 'ಕ್ರಿಸ್ಮಸ್ ಹತ್ರ ಬಂತು, ಈಗ ಶಿಲುಬೆಯ ಕತೆ ಓದೋದಾ?' ಓದಿ. ಗೋದಲಿಯಲ್ಲಿ ಮಲಗಿದ ಮಗು ಯಾಕೆ ಬಂತು ಅನ್ನುವುದು ಅಲ್ಲೇ ಇರುವುದು. 24ರ ಸಂಜೆ ಪುನರುತ್ಥಾನದ ಅಧ್ಯಾಯ ಮುಗಿಸಿ, ರಾತ್ರಿ ಮತ್ತೆ ಎರಡನೇ ಅಧ್ಯಾಯದ ಮೊದಲ 20 ವಚನಕ್ಕೆ ಬನ್ನಿ. ಅದನ್ನು ಓದುವಾಗ ಧ್ವನಿ ಬೇರೆಯೇ ಆಗಿರುತ್ತದೆ.

ಒಂದು ದಿನ ತಪ್ಪಿತಾ? ಮರುದಿನ ಎರಡು ಓದಲು ಹೋಗಬೇಡಿ. ತಪ್ಪಿದ್ದು ತಪ್ಪಿತು, ಅವತ್ತಿನ ತಾರೀಖಿನ ಅಧ್ಯಾಯ ಓದಿ ಮುಂದೆ ಹೋಗಿ. ಬಾಕಿ ತುಂಬಿಸಲು ಹೋದವರೇ ಪೂರ್ತಿ ಬಿಡುವುದು.

## ಹಂತ 4: ಗೋದಲಿ, ಅವಸರ ಇಲ್ಲದೆ

ಗೋದಲಿಯನ್ನು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯನ್ನು, ಒಂದೇ ರಾತ್ರಿಯಲ್ಲಿ ಕಟ್ಟಬೇಡಿ. ಎರಡನೇ ಭಾನುವಾರ ಬರೀ ಕೊಟ್ಟಿಗೆ. ಭತ್ತದ ಹೊಸ ಹುಲ್ಲು ಈ ಕಾಲದಲ್ಲಿ ಹಾಸನದ ಕಡೆ ಎಲ್ಲಿ ಬೇಕಾದರೂ ಸಿಗುತ್ತದೆ, ಪ್ಲಾಸ್ಟಿಕ್ ಹುಲ್ಲಿಗೆ ದುಡ್ಡು ಹಾಕಬೇಡಿ. ಮೂರನೇ ಭಾನುವಾರ ದನ, ಕುರಿ, ಕುರುಬರು. ನಾಲ್ಕನೇ ಭಾನುವಾರ ಮರಿಯ, ಜೋಸೆಫ್. ಬಾಲಯೇಸುವಿನ ಗೊಂಬೆಯನ್ನು 24ರ ರಾತ್ರಿಯವರೆಗೆ ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ಮೂವರು ಜ್ಞಾನಿಗಳ ಗೊಂಬೆ ಮನೆಯ ಇನ್ನೊಂದು ಮೂಲೆಯಲ್ಲಿ, ಟಿವಿ ಪಕ್ಕವಾದರೂ ಸರಿ. ದಿನಾ ಸ್ವಲ್ಪ ಸ್ವಲ್ಪ ಮುಂದಕ್ಕೆ ಬಂದು ಜನವರಿ 6ಕ್ಕೆ ತಲುಪಲಿ. ಲೂಕನಲ್ಲಿ ಅವರು ಬರುವುದೇ ಇಲ್ಲ, ಮತ್ತಾಯನಲ್ಲಿ ಮಾತ್ರ ಇದ್ದಾರೆ. ಮಕ್ಕಳು ಕೇಳಿದರೆ ಹೇಳಿ.

ಖಾಲಿ ಗೋದಲಿಯ ತೊಟ್ಟಿಲಿಗೆ ಹುಲ್ಲು ಹಾಕುವ ಕೆಲಸ ಮಕ್ಕಳಿಗೆ. ಯಾರಿಗೂ ಹೇಳದೆ ಮಾಡಿದ ಒಂದು ಒಳ್ಳೆಯ ಕೆಲಸಕ್ಕೆ ಒಂದು ಎಳೆ. 'ನಾನೆಷ್ಟು ಹಾಕ್ದೆ, ನೀನೆಷ್ಟು' ಅಂತ ಎಣಿಕೆ ಶುರುವಾದರೆ ಎರಡು ದಿನ ನಿಲ್ಲಿಸಿ.

ಹಸಿರಿಗೆ ರಾಗಿ ಪೈರು ಬೆಳೆಸಿ. ಡಿಸೆಂಬರ್ 11ರ ರಾತ್ರಿ ಒಂದು ಹಿಡಿ ರಾಗಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಹತ್ತಿರ ಇಡಿ. ನಮ್ಮ ಚಳಿಯಲ್ಲಿ ನೇರ ಮಣ್ಣಿಗೆ ಹಾಕಿದರೆ ಏಳುವುದು ನಿಧಾನ. ಬಿಳಿ ಮೊಳಕೆಯ ತುದಿ ಕಂಡ ಕೂಡಲೇ ತಟ್ಟೆಯಲ್ಲಿ ಒಂದು ಬೆರಳು ದಪ್ಪ ಮಣ್ಣು ಹರಡಿ, ಮೇಲೆ ರಾಗಿ ಒತ್ತೊತ್ತಾಗಿ ಚೆಲ್ಲಿ, ಕೈಯಿಂದ ನೀರು ಚಿಮುಕಿಸಿ. ಚೊಂಬಿನಿಂದ ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಹೋಗುತ್ತದೆ. ಕಿಟಕಿ ಪಕ್ಕ ಇಡಿ. ಪೈರು ಹಳದಿ ಆದರೆ ಬೆಳಕು ಸಾಲದು. ಮುಗ್ಗಲು ವಾಸನೆ ಬಂದರೆ ನೀರು ಜಾಸ್ತಿ. ನೀರು ಹಾಕುವುದು ಮನೆಯ ಅತಿ ಚಿಕ್ಕವರ ಕೆಲಸ, ಪ್ರಾರ್ಥನೆ ಮುಗಿದ ಕೂಡಲೇ. ಹೀಗೆ ಮಾಡಿದರೆ ಪ್ರಾರ್ಥನೆ ಮರೆತ ದಿನ ಆ ಮಗುವೇ ನೆನಪಿಸುತ್ತದೆ.

## ಹಂತ 5: ಅಡುಗೆಮನೆ 23ಕ್ಕೆ ಬಂದ್

ನಿಯಮ ಒಂದೇ. 23ರ ಸಂಜೆ ಎಣ್ಣೆ ಬಾಣಲೆ ಇಳಿಯಬೇಕು. 24ರಂದು ಕರಿಯುವ ಕೆಲಸ ಇರಬಾರದು.

ಹಾಗಾಗಬೇಕಾದರೆ ಹಿಂದಿನಿಂದ ಲೆಕ್ಕ ಹಾಕಿ. ಚಕ್ಕುಲಿ, ನಿಪ್ಪಟ್ಟು, ಕಿಡಿಯೋ ಗಾಳಿಯಾಡದ ಡಬ್ಬಿಯಲ್ಲಿ ಇರುತ್ತವೆ, 16ರಿಂದ 18ರೊಳಗೆ ಮಾಡಿ. ಕಿಡಿಯೋ ಸುತ್ತುವುದು ಮಕ್ಕಳ ಕೆಲಸ, ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಲಿ. ರೋಸ್ ಕುಕ್ಕಿ 20ಕ್ಕೆ. ಅಚ್ಚು ಎಣ್ಣೆಯಲ್ಲೇ ಚೆನ್ನಾಗಿ ಕಾಯಬೇಕು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು, ಪೂರ್ತಿ ಮುಳುಗಿಸಿದರೆ ಬಿಡುವುದೇ ಇಲ್ಲ, ಆಮೇಲೆ ಚಾಕುವಿನಲ್ಲಿ ಕೆರೆಯುತ್ತಾ ಕೂರಬೇಕು. ಕಾಯಿ ಹಾಕಿದ ಕರ್ಜಿಕಾಯಿ, ಅಂದರೆ ಕೊಂಕಣಿ ಮನೆಗಳ ನೆವ್ರಿ, ಬೇಗ ಕೆಡುತ್ತದೆ, ಅದು 22, 23ಕ್ಕೆ.

ಮಾಂಸದ್ದು ದೊಡ್ಡ ತೊಡಕು. 25ರ ಬೆಳಿಗ್ಗೆ ಪೂಜೆಯ ಹೊತ್ತಿಗೇ ಅಂಗಡಿಯಲ್ಲಿ ಸಾಲು, ಮನೆಯಿಂದ ಒಬ್ಬರು ಆ ಸಾಲಿನಲ್ಲಿ ನಿಂತೇ ಹಬ್ಬ ಕಳೆಯುತ್ತಾರೆ. 20ಕ್ಕೇ ಹೇಳಿಟ್ಟು, 24ರ ಬೆಳಿಗ್ಗೆ ತಂದು, ಮಸಾಲೆ ಹಚ್ಚಿ ಫ್ರಿಜ್‌ನಲ್ಲಿಡಿ. ಫ್ರಿಜ್ ಇಲ್ಲದವರು ಪೂಜೆಯಾದ ಮೇಲೆ ತರಲಿ, ಊಟ ಮೂರು ಗಂಟೆಗೆ ಆದರೂ ಯಾರೂ ಸಾಯುವುದಿಲ್ಲ.

## ಹಂತ 6: ಕ್ಯಾರಲ್ ಹಾಡುವವರಿಗೆ

ಯುವಕರ ತಂಡದ ತಪ್ಪು ಯಾವಾಗಲೂ ಒಂದೇ: ಮನೆ ಜಾಸ್ತಿ, ಹೊತ್ತು ಕಡಿಮೆ. ಡ್ರಮ್ಮು, ಸಾಂಟಾ ಕುಣಿತ, ಕೇಕ್, ದುಡ್ಡಿನ ಕವರು, ಮುಂದಿನ ಮನೆ. ಒಂದು ರಾತ್ರಿಗೆ ಎಂಟು ಹತ್ತು ಮನೆ ಸಾಕು. ಒಳಗೆ ಹೋದ ಮೇಲೆ ಒಂದು ಹಾಡು, ಲೂಕ ಎರಡನೇ ಅಧ್ಯಾಯದಿಂದ ಆರೇಳು ವಚನ, ಆ ಮನೆಯವರ ಹೆಸರು ಹಿಡಿದು ಪ್ರಾರ್ಥನೆ, ಇನ್ನೊಂದು ಹಾಡು. ಸಾಂಟಾ ವೇಷ ಬೇಕೇ ಬೇಕು ಅಂದರೆ ಪ್ರಾರ್ಥನೆ ಮುಗಿಯುವವರೆಗೆ ಹೊರಗೆ ನಿಲ್ಲಲಿ.

ಕಾಯಿಲೆಯವರ ಮನೆ ಮೊದಲು, ಅವರು ಬೇಗ ಮಲಗುತ್ತಾರೆ. ಅವರಲ್ಲಿ ಡ್ರಮ್ ಬೇಡ. ಕವರು ಕೊಡಲಾಗದ ಮನೆಗಳನ್ನು ಬಿಟ್ಟುಹೋಗುವುದು ಕಂಡರೆ ಹಿರಿಯರು ಅಲ್ಲೇ ತಡೆಯಬೇಕು.

ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ತಂಡಗಳು ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆದು ಹೋಗಬೇಡಿ. ಕಾಡಾನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರ ಎಚ್ಚರಿಕೆ ನೋಡಿಕೊಂಡು ಹೊರಡಿ. ಸಂದೇಹ ಇದ್ದರೆ ಎಸ್ಟೇಟ್ ಲೈನುಗಳಿಗೆ ಭಾನುವಾರ ಮಧ್ಯಾಹ್ನವೇ ಹೋಗಿ. ಹಗಲಲ್ಲಿ ಹಾಡಿದರೂ ಅದು ಕ್ಯಾರಲ್ಲೇ.

## ಹಂತ 7: 24 ಮತ್ತು 25

24ರ ಮಧ್ಯಾಹ್ನ ಎಲ್ಲರೂ ಒಂದು ಗಂಟೆ ಮಲಗಿ. ನಗಬೇಡಿ, ರಾತ್ರಿ ಪೂಜೆಯಲ್ಲಿ ತೂಕಡಿಸುವವರಿಗೆ ಮದ್ದು ಇದೊಂದೇ. ಸಂಜೆ ಸ್ನಾನ, ಹಗುರ ಊಟ. ಬಿಳಿ ಬತ್ತಿ ಹಚ್ಚಿ, ಓದಿ, ಬಾಲಯೇಸುವನ್ನು ಮನೆಯ ಹಿರಿಯರ ಕೈಯಿಂದ ಗೋದಲಿಗೆ ಇಡಿಸಿ, ಆಮೇಲೆ ಚರ್ಚಿಗೆ ಹೊರಡಿ. ಕುಡಿತ ಈ ರಾತ್ರಿ ಬೇಡ. 'ಪೂಜೆ ಆದ್ಮೇಲೆ ಸ್ವಲ್ಪ' ಅನ್ನುವವರ 25 ಹೇಗೆ ಕಳೆಯುತ್ತದೆ ಅಂತ ಅವರ ಹೆಂಡತಿಯರನ್ನು ಕೇಳಿ.

ಹೋಮ್‌ಸ್ಟೇ ನಡೆಸುವವರು, ಅಲ್ಲಿ ಕೆಲಸ ಮಾಡುವವರು ಬಹಳ ಜನ ಇದ್ದೀರಿ. ಡಿಸೆಂಬರ್ ಕೊನೆ ವಾರ ನಿಮ್ಮ ಸೀಸನ್ನು, ಬಿಡಿ ಅಂತ ಯಾರೂ ಹೇಳಲಾರರು. ಬುಕಿಂಗ್ ತೆಗೆದುಕೊಳ್ಳುವಾಗಲೇ ಹೇಳಿ: 25ರಂದು ತಿಂಡಿ ಹತ್ತು ಗಂಟೆಗೆ, ಯಾಕಂದರೆ ನಾವು ಚರ್ಚಿಗೆ ಹೋಗುತ್ತೇವೆ. ಅತಿಥಿಗಳು ಬೇಸರ ಮಾಡಿಕೊಳ್ಳುವುದಿಲ್ಲ, ಕೆಲವರು ನಾವೂ ಬರಬಹುದಾ ಅನ್ನುತ್ತಾರೆ. ಕೆಲಸದವರು ಪಾಳಿ ಹಂಚುವ ಮುಂಚೆಯೇ, ಡಿಸೆಂಬರ್ ಮೊದಲ ವಾರ, ರಾತ್ರಿ ಪೂಜೆಯೋ ಬೆಳಗಿನದೋ ಒಂದಕ್ಕೆ ಬಿಡುವು ಕೇಳಿಟ್ಟುಕೊಳ್ಳಿ. ಪ್ರವಾಸಿಗರ ಕಾರುಗಳಿಂದ ರಸ್ತೆ ತುಂಬಿರುತ್ತದೆ, ಅರ್ಧ ಗಂಟೆ ಮೊದಲೇ ಹೊರಡಿ.

25ರ ಸರದಿ: ಪೂಜೆ, ಆಮೇಲೆ ಒಬ್ಬ ಕಾಯಿಲೆಯವರ ಭೇಟಿ, ಆಮೇಲೆ ಊಟ. ಊಟಕ್ಕೆ ಕೂತಾಗ ಯೋವಾನ್ನನ ಸುವಾರ್ತೆಯ ಮೊದಲ 18 ವಚನ ಓದಿ. ಉಡುಗೊರೆ ಕೊನೆಗೆ. ಬೆಳಿಗ್ಗೆ ಎದ್ದ ಕೂಡಲೇ ಉಡುಗೊರೆ ಬಿಚ್ಚಿದರೆ ಮಕ್ಕಳ ಹಬ್ಬ ಏಳು ಗಂಟೆಗೇ ಮುಗಿದಿರುತ್ತದೆ. ಅಕ್ಕಪಕ್ಕದ ಮನೆಗಳಿಗೆ ತಿಂಡಿ ತಟ್ಟೆ ಮಕ್ಕಳೇ ಕೊಟ್ಟು ಬರಲಿ. 'ಏನ್ ಹಬ್ಬ ಪುಟ್ಟ?' ಅಂತ ಪಕ್ಕದ ಆಂಟಿ ಕೇಳಿದರೆ 'ಯೇಸು ಹುಟ್ಟಿದ ಹಬ್ಬ ಆಂಟಿ' ಅಂತ ಹೇಳಲು ಮೊದಲೇ ಹೇಳಿಕೊಟ್ಟಿರಿ. ಅಷ್ಟೇ ಸಾಕು, ಅಲ್ಲಿ ಉಪದೇಶ ಬೇಡ.

ಮಧ್ಯಾಹ್ನ ಹಾಸನದ ಬಳಿಯ ಶೆಟ್ಟಿಹಳ್ಳಿಯ ಪಾಳು ಚರ್ಚ್ ನೋಡಲು ಹೋಗೋಣ ಅಂತ ಕಾರು ತೆಗೆಯುವವರಿಗೆ: ಅಲ್ಲಿ ಪೂಜೆ ಇಲ್ಲ, ಗೋಡೆಗಳೂ ಗಟ್ಟಿ ಇಲ್ಲ, ಮಕ್ಕಳನ್ನು ಒಳಗೆ ಹತ್ತಲು ಬಿಡಬೇಡಿ. ಬೇಕಾದರೆ 27ಕ್ಕೆ ಹೋಗಿ.

## ಅಪಾಯದ ಸೂಚನೆಗಳು

ಎರಡು ದಿನ ಸತತ ಪ್ರಾರ್ಥನೆ ತಪ್ಪಿದರೆ ಗಂಟೆ ಸರಿಯಿಲ್ಲ ಅಂತ ಅರ್ಥ, ಗಂಟೆ ಬದಲಿಸಿ. ಅಮ್ಮ ಒಬ್ಬರೇ ಉಳಿದರೆ ತಿಂಡಿ ಪಟ್ಟಿ ಇನ್ನೂ ಉದ್ದ ಇದೆ ಅಂತ ಅರ್ಥ. ಪ್ರಾರ್ಥನೆಯ ಫೋಟೋ ಸ್ಟೇಟಸ್‌ಗೆ ಹೋಗುತ್ತಿದ್ದರೆ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿಲ್ಲ. 'ಅವರ ಮನೆ ಸ್ಟಾರು ನಮ್ಮದಕ್ಕಿಂತ ದೊಡ್ಡದು' ಅನ್ನುವ ಮಾತು ಬಂದರೆ ಅವತ್ತು 12ನೇ ಅಧ್ಯಾಯ ಇನ್ನೊಮ್ಮೆ ಓದಿ. ಮನೆಯಲ್ಲಿ ಒಬ್ಬರು ಬೇರೆ ಧರ್ಮದವರಿದ್ದು ಕೂರಲು ಹಿಂಜರಿದರೆ ಒತ್ತಾಯ ಬೇಡ. ಬತ್ತಿ ಹಚ್ಚುವ ಕೆಲಸ ಕೇಳಿ ನೋಡಿ, ಬೇಡ ಅಂದರೆ ಬಿಟ್ಟುಬಿಡಿ.

## ಹಂತ 8: 26ರ ನಂತರ

ಬಹಳ ಜನ ಇಲ್ಲಿ ಅಂಗಡಿ ಮುಚ್ಚುತ್ತಾರೆ. ಹಬ್ಬದ ಕಾಲ ಮುಗಿದಿರುವುದಿಲ್ಲ. 26 ಸಂತ ಸ್ತೇಫನರ ದಿನ, 28 ಹೆರೋದ ಕೊಲ್ಲಿಸಿದ ಮಕ್ಕಳ ನೆನಪು, ಜನವರಿ 1 ಕಥೋಲಿಕರಿಗೆ ದೇವಮಾತೆಯ ಹಬ್ಬ. ಓದಲು ಮತ್ತಾಯನ ಮೊದಲ ಎರಡು ಅಧ್ಯಾಯ ತೆಗೆದುಕೊಂಡು ತುಂಡು ತುಂಡಾಗಿ ಓದಿ. ಪ್ರಾರ್ಥನೆ ಹತ್ತು ನಿಮಿಷಕ್ಕೆ ಇಳಿಸಿದರೂ ಪರವಾಗಿಲ್ಲ, ಗಂಟೆ ಮಾತ್ರ ಅದೇ ಇರಲಿ. 31ಕ್ಕೆ ಆರಾಧನೆಗೆ ಹೋಗುವವರು ಗೆಳೆಯರ ಪಾರ್ಟಿಗೆ 'ಆಮೇಲೆ ಬರ್ತೀನಿ' ಅನ್ನಿ, 'ಬಂದು ಹೋಗ್ತೀನಿ' ಅನ್ನಬೇಡಿ. ಮೊದಲು ಅಲ್ಲಿಗೆ ಹೋದವರು ಚರ್ಚಿಗೆ ತಲುಪುವುದಿಲ್ಲ.

ಜನವರಿ 6ಕ್ಕೆ ಜ್ಞಾನಿಗಳು ಗೋದಲಿ ಮುಟ್ಟಲಿ. ಕಥೋಲಿಕ ಚರ್ಚುಗಳಲ್ಲಿ ಆ ಹಬ್ಬವನ್ನು ಹತ್ತಿರದ ಭಾನುವಾರಕ್ಕೆ ಇಟ್ಟುಕೊಳ್ಳುತ್ತಾರೆ, ಹಾಗಿದ್ದರೆ ಅವತ್ತೇ ಮಾಡಿ. ಆಮೇಲೆ ಬಿಚ್ಚಿ. ಗೊಂಬೆಗಳನ್ನು ಪೇಪರಿನಲ್ಲಿ ಸುತ್ತಿ ಒಂದು ಪೆಟ್ಟಿಗೆಗೆ, ಹುಲ್ಲು ದನಕ್ಕೆ, ರಾಗಿ ತಟ್ಟೆಯ ಮಣ್ಣು ಕುಂಡಕ್ಕೆ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಮೂರು ವಿಷಯ ಬರೆದು ಅದೇ ಪೆಟ್ಟಿಗೆಗೆ ಹಾಕಿ: ಯಾವ ಗಂಟೆ ಹೊಂದಿತು, ಯಾವ ತಿಂಡಿ ಡಬ್ಬಿಯಲ್ಲೇ ಉಳಿಯಿತು, 14ರ ಪಟ್ಟಿಯಲ್ಲಿ ಯಾರು ಬಂದರು. ಪೆಟ್ಟಿಗೆಯ ಮೇಲೆ 'ನವೆಂಬರ್ ಕೊನೆ ವಾರ ತೆಗೆಯುವುದು' ಅಂತ ದಪ್ಪ ಅಕ್ಷರದಲ್ಲಿ ಬರೆದು ಅಟ್ಟಕ್ಕೆ ಹಾಕಿ. ಡಿಸೆಂಬರ್ 20ಕ್ಕೆ ತೆಗೆದರೆ ಆ ಪುಟ ಓದಿ ಪ್ರಯೋಜನ ಇಲ್ಲ.